ಲೇಖನವೆಂಬ ಶಸ್ತ್ರಕರ್ಮ: ಮುಖದ ಕಲೆ, ಸುಕ್ಕು ಮತ್ತು ಹೊಗೆಸೊಪ್ಪಿನ ಸೀಮೆಯ ಬಿಸಿಲು

ಕನ್ನಡದಲ್ಲಿ ಇಂದು ‘ಲೇಖನ’ ಎಂದರೆ ಬರಹ. ಆದರೆ ಆ ಪದದ ಹಿಂದಿರುವ ‘ಲಿಖ್’ ಧಾತುವಿಗೆ ಗೀರುವುದು, ಕೆರೆಯುವುದು ಎಂಬುದೇ ಮೊದಲಿನ ಅರ್ಥ, ತಾಳೆಗರಿಯ ಮೇಲೆ ಕಂಟವೆಂಬ ಲೋಹದ ಮೊನೆಯಿಂದ ಗೀರಿ ಅಕ್ಷರ ಮೂಡಿಸುತ್ತಿದ್ದ ಕಾಲದಲ್ಲಿ ಈ ಎರಡು ಅರ್ಥಗಳ ನಡುವೆ ಹೆಚ್ಚಿನ ದೂರವೂ ಇರಲಿಲ್ಲ. ಸುಶ್ರುತಸಂಹಿತೆಯು ಶಸ್ತ್ರದಿಂದ ಮಾಡುವ ಕೆಲಸಗಳನ್ನು ಎಂಟು ಬಗೆಯಾಗಿ ವಿಂಗಡಿಸುವಾಗ, ಕತ್ತರಿಸುವ ಛೇದನ ಮತ್ತು ಸೀಳುವ ಭೇದನಗಳ ಜೊತೆಗೆ, ಕೆರೆದು ತೆಗೆಯುವ ‘ಲೇಖನ’ವನ್ನೂ ಎಣಿಸುತ್ತದೆ; ಅದಕ್ಕೆ ಒದಗುವ ಸಾಮಗ್ರಿಗಳೆಂದು ನಾರುಬಟ್ಟೆ, ಹತ್ತಿ, ಸಮುದ್ರನೊರೆ, ಸೈಂಧವ ಲವಣ, ಒರಟು ಎಲೆಗಳನ್ನು ಹೆಸರಿಸುತ್ತದೆ. ಅದೇ ಗ್ರಂಥ ಗಾಯಕ್ಕೆ ಹೇಳುವ ಅರವತ್ತು ಉಪಕ್ರಮಗಳಲ್ಲಿ, ಮಾಗಿದ ಮೇಲೆ ಬೆಳ್ಳಗೆ ಉಳಿದ ಕಲೆಯನ್ನು ಕಪ್ಪಾಗಿಸುವ ‘ಕೃಷ್ಣಕರ್ಮ’ವೂ ಕಪ್ಪಗೆ ಉಳಿದದ್ದನ್ನು ತಿಳಿಯಾಗಿಸುವ ‘ಪಾಂಡುಕರ್ಮ’ವೂ ಸೇರಿವೆ. ಇಂದಿನ ಸೌಂದರ್ಯ ಶಸ್ತ್ರಚಿಕಿತ್ಸೆಯೆಲ್ಲ ನಮ್ಮ ಪ್ರಾಚೀನರಿಗೆ ಗೊತ್ತಿತ್ತೆಂದು ಇದರಿಂದ ಬೀಗಬೇಕಾದದ್ದೇನೂ ಇಲ್ಲ. ಗಮನಿಸಬೇಕಾದದ್ದು ಬೇರೆ: ಗಾಯ ಕೂಡುವುದು ಒಂದು ಕೆಲಸ, ಕೂಡಿದ ಚರ್ಮದ ಬಣ್ಣ ಸುತ್ತಲಿನ ಚರ್ಮಕ್ಕೆ ಹೊಂದುವುದು ಇನ್ನೊಂದು ಕೆಲಸ ಎಂಬ ತಿಳಿವಳಿಕೆ ಆ ಎರಡು ಹೆಸರುಗಳಲ್ಲಿದೆ, ಮುಖದ ಚರ್ಮವನ್ನು ಉಜ್ಜಿ ಸಮಗೊಳಿಸುವ ಇಂದಿನ ಚಿಕಿತ್ಸೆ ಕನ್ನಡನಾಡಿನ ಕಂದು ಮೈಬಣ್ಣದಲ್ಲಿ ಗೆಲ್ಲುವುದೂ ಸೋಲುವುದೂ ಈ ಎರಡನೆಯ ಕೆಲಸದಲ್ಲೇ.

ಈ ಚಿಕಿತ್ಸೆಯ ವೈದ್ಯಕೀಯ ಹೆಸರು ಡರ್ಮಬ್ರೇಶನ್. ವೇಗವಾಗಿ ತಿರುಗುವ ಒರಟು ಚಕ್ರದಿಂದ ಚರ್ಮದ ಮೇಲುಪದರವನ್ನು ಅಳತೆಯ ಆಳದವರೆಗೆ ಉಜ್ಜಿ ತೆಗೆದು, ಅಲ್ಲಿ ಹೊಸ ಚರ್ಮ ಬೆಳೆಯಲು ಬಿಡುವುದು ಇದರ ತಿರುಳು. ಗುಳಿ ಬಿದ್ದ ಕಲೆಯನ್ನು ತುಂಬುವುದಕ್ಕಿಂತ ಗುಳಿಯ ಸುತ್ತಲಿನ ದಿಣ್ಣೆಯನ್ನು ತಗ್ಗಿಸುವುದು ಇಲ್ಲಿಯ ಉಪಾಯ. ಗದ್ದೆ ಸಮ ಮಾಡುವವನು ತಗ್ಗಿಗೆ ಮಣ್ಣು ತರುವ ಮೊದಲು ಏರನ್ನು ಕೆರೆಯುವಂತೆ. ಆದ್ದರಿಂದ ಇದು ಕಲೆಯನ್ನು ‘ಅಳಿಸುವ’ ಚಿಕಿತ್ಸೆಯಲ್ಲ, ಬೆಳಕು ಅಡ್ಡಲಾಗಿ ಬಿದ್ದಾಗ ಗುಳಿಯ ಅಂಚಿನಲ್ಲಿ ಮೂಡುವ ನೆರಳನ್ನು ಕಡಿಮೆ ಮಾಡುವ ಚಿಕಿತ್ಸೆ.

ಇಷ್ಟು ಧೈರ್ಯವಾಗಿ ಮುಖದ ಚರ್ಮವನ್ನು ಕಿತ್ತು ಹಾಕಬಹುದೇ ಎಂಬ ಸಹಜ ಪ್ರಶ್ನೆಗೆ ಉತ್ತರ ಚರ್ಮದ ರಚನೆಯಲ್ಲಿದೆ. ಚರ್ಮದ ಹೊರಪದರವಾದ ಎಪಿಡರ್ಮಿಸ್ ಮುಖದ ಮೇಲೆ ಸುಮಾರು 0.1 ಮಿ.ಮೀ. ದಪ್ಪವಿದ್ದು, ಹೆಚ್ಚುಕಡಿಮೆ ಪುಸ್ತಕದ ಒಂದು ಹಾಳೆಗೆ ಸಮ. ಮೈಗೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಇದೇ ಪದರದ ತಳದಲ್ಲಿ ಸಾಲುಗಟ್ಟಿರುತ್ತವೆ. ಅದರ ಕೆಳಗಿನ ಡರ್ಮಿಸ್ ಎಂಬ ಒಳಚರ್ಮ ಕೊಲಾಜನ್ ಎಂಬ ನಾರುಗಳಿಂದ ಹೆಣೆದದ್ದು. ಮೊಡವೆ, ಸಿಡುಬು, ಸೀತಾಳೆ ಸಿಡುಬು ಅಥವಾ ಪೆಟ್ಟು ಈ ಹೆಣಿಗೆಯನ್ನು ಹರಿದಾಗ ಮಾತ್ರ ಶಾಶ್ವತ ಕಲೆ ಉಳಿಯುತ್ತದೆ, ಹೊರಪದರಕ್ಕೆ ಮಾತ್ರ ತಾಗಿದ ತರಚು ಗುರುತಿಲ್ಲದೆ ಮಾಗುತ್ತದೆ. ಕೂದಲ ಬುಡಗಳೂ ಜಿಡ್ಡಿನ ಗ್ರಂಥಿಗಳೂ ಹೊರಪದರದಿಂದಲೇ ಇಳಿದು ಒಳಚರ್ಮದಲ್ಲಿ ಬೇರೂರಿರುತ್ತವೆ, ಮತ್ತು ಅವುಗಳ ಗೋಡೆಯಲ್ಲಿರುವ ಕೋಶಗಳು ಮೇಲಿನ ಪದರ ಹೋದಾಗ ಮೇಲೇರಿ ಹರಡಿ ಹೊಸ ಹೊದಿಕೆಯನ್ನು ಕಟ್ಟುತ್ತವೆ. ಮೇಲೆ ಎಷ್ಟು ಸವರಿದರೂ ಬುಡ ಉಳಿದ ಗರಿಕೆ ಚಿಗುರುವುದಕ್ಕೆ ಇದನ್ನು ಹೋಲಿಸಬಹುದು. ಮುಖದಲ್ಲಿ ಇಂಥ ಬುಡಗಳು ದಟ್ಟವಾಗಿರುವುದರಿಂದ ಅಲ್ಲಿ ಗಾಯ ಬೇಗ ಮಾಗುತ್ತದೆ; ಕತ್ತು, ಎದೆ, ಕೈಗಳಲ್ಲಿ ವಿರಳವಾಗಿರುವುದರಿಂದ ಅಲ್ಲಿ ಇದೇ ಚಿಕಿತ್ಸೆ ಹೊಸ ಕಲೆಯನ್ನೇ ಉಳಿಸಬಲ್ಲದು. ಹಳೆಯ ಸುಟ್ಟಗಾಯದ ದಪ್ಪ ಕಲೆಯಲ್ಲಿ ಕೂದಲ ಬುಡಗಳೇ ಸತ್ತಿರುವುದರಿಂದ, ಅದನ್ನು ಉಜ್ಜಿದರೆ ಚಿಗುರಲು ಏನೂ ಉಳಿದಿರುವುದಿಲ್ಲ.

ಆಧುನಿಕ ರೂಪದಲ್ಲಿ ಈ ಚಿಕಿತ್ಸೆಯನ್ನು ಆರಂಭಿಸಿದವರು ಜರ್ಮನಿಯ ಚರ್ಮವೈದ್ಯ ಎರ್ನ್ಸ್ಟ್ ಕ್ರೋಮಯರ್. ತಿರುಗುವ ಅರಗಳಿಂದ ಕಲೆಗಳನ್ನು ಉಜ್ಜುವ ವಿಧಾನವನ್ನು ಅವರು 1905ರಲ್ಲಿ ವರ್ಣಿಸಿದರು, ಮತ್ತು ಒಳಚರ್ಮದ ಕೆಳಭಾಗಕ್ಕೆ ಇಳಿಯದಿದ್ದರೆ ಗಾಯ ಕಲೆಯಿಲ್ಲದೆ ಮಾಗುತ್ತದೆ ಎಂಬ ಮೂಲಸೂತ್ರವೂ ಅವರ ಕೆಲಸದಿಂದಲೇ ಬಂತು. ನಡುವೆ ಕೆಲವರು ಮರಗೆಲಸದ ಉಪ್ಪುಕಾಗದವನ್ನೇ ಕ್ರಿಮಿಶುದ್ಧಗೊಳಿಸಿ ಬಳಸಿದರು. 1953ರಲ್ಲಿ ನ್ಯೂಯಾರ್ಕಿನ ಆಬ್ನರ್ ಕರ್ಟಿನ್ ಚರ್ಮವನ್ನು ತಂಪುಗೊಳಿಸಿ ಗಟ್ಟಿಮಾಡಿ, ತಂತಿಯ ಕುಂಚವನ್ನು ಯಂತ್ರದಿಂದ ತಿರುಗಿಸಿ ಉಜ್ಜುವ ಕ್ರಮವನ್ನು ಪ್ರಕಟಿಸಿದ ಮೇಲೆ ಇದು ಚರ್ಮವೈದ್ಯರ ನಿತ್ಯದ ಶಸ್ತ್ರಕ್ರಿಯೆಗಳಲ್ಲಿ ಒಂದಾಯಿತು.

ಅದೇ ಕಾಲಕ್ಕೆ ಮೈಸೂರು ಸೀಮೆಯಲ್ಲಿ ಮುಖದ ಗುಳಿಯೆಂದರೆ ಮೊಡವೆಯ ಗುಳಿಯಲ್ಲ, ‘ಅಮ್ಮ’ ಅಥವಾ ‘ಮೈಲಿ’ ಎಂದು ಜನ ಕರೆಯುತ್ತಿದ್ದ ಸಿಡುಬಿನ ಗುಳಿ. ದೇವಿಯ ಗುರುತೆಂದು ಒಪ್ಪಿಕೊಂಡ ಆ ಕಲೆಗೆ ಚಿಕಿತ್ಸೆಯ ಮಾತೇ ಇರಲಿಲ್ಲ. ಇದ್ದದ್ದು ತಡೆಯ ಮಾತು, ಅದಕ್ಕೆ ಹಳೆಯ ಚರಿತ್ರೆಯೇ ಇದೆ. ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬಿಡಿಸಿದ ಮೂವರು ರಾಜಸ್ತ್ರೀಯರ ಚಿತ್ರವೊಂದು ಮೈಸೂರು ಅರಮನೆಗೆ ಸೇರಿದವರದೆಂದೂ, ಅದರಲ್ಲಿ ಕಿರಿಯ ರಾಣಿ ತೋಳಿನ ಸೆರಗು ಸರಿಸಿ ತೋರಿಸುತ್ತಿರುವುದು ಆಗತಾನೆ ಬಂದಿದ್ದ ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡ ಜಾಗವನ್ನೆಂದೂ, ಇನ್ನೊಬ್ಬ ರಾಣಿಯ ಮೂಗು ಬಾಯಿಗಳ ಸುತ್ತ ಕಾಣುವ ಬಣ್ಣಗೇಡು ಹಳೆಯ ಪದ್ಧತಿಯಂತೆ ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿಸಿಕೊಂಡದ್ದರ ಗುರುತೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಈ ವಾದ ಸರಿಯಾದರೆ, ಮುಖದ ಕಲೆಯನ್ನು ಮುಚ್ಚದೆ ಚಿತ್ರಿಸಿದ ಅಪರೂಪದ ರಾಜಚಿತ್ರ ಅದಾಗುತ್ತದೆ. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡು, 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಕಲೆ ಹೊತ್ತ ಕೊನೆಯ ತಲೆಮಾರು ಪಿರಿಯಾಪಟ್ಟಣ, ಹುಣಸೂರುಗಳ ಹಳ್ಳಿಗಳಲ್ಲಿ ಇಂದು ಮುಪ್ಪಿನಲ್ಲಿದೆ. ಅವರ ಮೊಮ್ಮಕ್ಕಳು ಚರ್ಮವೈದ್ಯರ ಬಳಿ ಬರುವುದು ಮೊಡವೆಯ ಕಲೆಗಾಗಿ.

ಮೊಡವೆಯ ಗುಳಿಗಳೆಲ್ಲ ಒಂದೇ ಜಾತಿಯವಲ್ಲ, ಚಿಕಿತ್ಸೆಯ ಅರ್ಧ ಯಶಸ್ಸು ಅವುಗಳನ್ನು ಬೇರ್ಪಡಿಸಿ ನೋಡುವುದರಲ್ಲಿದೆ. ದಬ್ಬಳದಿಂದ ಚುಚ್ಚಿದಂತೆ ಬಾಯಿ ಕಿರಿದಾಗಿ ಆಳಕ್ಕೆ ಇಳಿದವು ಒಂದು ಬಗೆ. ಇವುಗಳ ತಳ ಮುಟ್ಟುವಷ್ಟು ಉಜ್ಜಿದರೆ ಸುತ್ತಲಿನ ಒಳ್ಳೆಯ ಚರ್ಮವೇ ಹಾಳಾಗುವುದರಿಂದ, ಒಂದೊಂದನ್ನೂ ಸಣ್ಣ ಕೊಳವೆಯಾಕಾರದ ಅಲಗಿನಿಂದ ಕತ್ತರಿಸಿ ತೆಗೆಯಬೇಕು, ಇಲ್ಲವೆ ಅದರೊಳಗೆ ಮಾತ್ರ ತೀಕ್ಷ್ಣವಾದ ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ಕಡ್ಡಿಯ ತುದಿಯಿಂದ ಮುಟ್ಟಿಸಬೇಕು. ಅಂಚು ನೇರವಾಗಿ ಇಳಿದು ತಳ ಚಪ್ಪಟೆಯಾದ ತೊಟ್ಟಿಯಂಥ ಗುಳಿಗಳು ಎರಡನೆಯ ಬಗೆ. ಇವು ಹೆಚ್ಚು ಆಳವಿಲ್ಲದಿದ್ದರೆ ಡರ್ಮಬ್ರೇಶನ್ ತನ್ನ ಅತ್ಯುತ್ತಮ ಫಲವನ್ನು ಕೊಡುವುದು ಇವುಗಳಲ್ಲೇ. ಅಂಚೇ ಇಲ್ಲದೆ ಉಬ್ಬುತಗ್ಗಾಗಿ ಹಬ್ಬಿದ ಮೂರನೆಯ ಬಗೆಯಲ್ಲಿ ಚರ್ಮವನ್ನು ಕೆಳಗಿನಿಂದ ನಾರುಗಳು ಎಳೆದು ಹಿಡಿದಿರುತ್ತವೆ. ಮೇಲೆ ಎಷ್ಟು ಉಜ್ಜಿದರೂ ಆ ಎಳೆತ ಹೋಗದು, ಚರ್ಮದಡಿಗೆ ಸೂಜಿ ತೂರಿಸಿ ನಾರುಗಳನ್ನು ಕಡಿಯಬೇಕು. ಒಬ್ಬನ ಕೆನ್ನೆಯಲ್ಲೇ ಮೂರೂ ಇರುವುದು ಸಾಮಾನ್ಯ. ಎಲ್ಲಕ್ಕೂ ಒಂದೇ ಯಂತ್ರ ಸಾಕೆಂದು ಹೇಳುವ ಜಾಹೀರಾತನ್ನು ಅನುಮಾನದಿಂದಲೇ ಓದಬೇಕು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಕರಡಿ ಪರಚಿದ ಗಾಯದಂಥ ಆಳವಾದ ಸೀಳುಗಳಿಗೆ ಮೊದಲು ಕಲೆಯನ್ನು ಕತ್ತರಿಸಿ ಹೊಸದಾಗಿ ಹೊಲಿಯುವ ಪ್ಲಾಸ್ಟಿಕ್ ಸರ್ಜರಿ ಬೇಕು. ಹೀಗೆ ಹೊಲಿದ ಗಾಯವನ್ನು ಆರರಿಂದ ಎಂಟು ವಾರಗಳ ನಡುವೆ, ನಾರುಗಳು ಇನ್ನೂ ಜೋಡಣೆಯಲ್ಲಿರುವಾಗಲೇ, ಹಗುರವಾಗಿ ಉಜ್ಜಿದರೆ ಹೊಲಿಗೆಯ ಗೆರೆ ಬಹಳ ಮಟ್ಟಿಗೆ ಮಾಸುತ್ತದೆ. ಹಳೆಯ ತಲೆಮಾರಿನ ಹೆಂಗಸರ ಹಣೆ ಗಲ್ಲಗಳ ಮೇಲಿನ ಹಚ್ಚೆಯನ್ನು ಉಪ್ಪಿನಿಂದ ಉಜ್ಜಿ ತೆಗೆಯುವ ಪದ್ಧತಿ ಬಹು ಪುರಾತನವಾದರೂ, ಹಚ್ಚೆಯ ಬಣ್ಣ ಒಳಚರ್ಮದಲ್ಲಿ ಕೂತಿರುವುದರಿಂದ ಬಣ್ಣ ಹೋದ ಕಡೆ ಕಲೆ ಉಳಿಯುತ್ತಿತ್ತು. ಹಚ್ಚೆ ತೆಗೆಯಲು ಈಗ ಲೇಸರ್ ಇದೆ.

ಶಸ್ತ್ರಕ್ರಿಯೆಯ ದಿನದ ಕೆಲಸ ವಾರಗಳ ಮೊದಲೇ ಆರಂಭವಾಗುತ್ತದೆ. ಟ್ರೆಟಿನಾಯಿನ್ ಮತ್ತು ಬಣ್ಣ ತಗ್ಗಿಸುವ ಮುಲಾಮುಗಳಿಂದ ಚರ್ಮವನ್ನು ಹದಗೊಳಿಸುವುದು, ತುಟಿಯಂಚಿನಲ್ಲಿ ಆಗಾಗ ಗುಳ್ಳೆಯೇಳಿಸುವ ಹರ್ಪಿಸ್ ವೈರಸ್ ಹಸಿಗಾಯದ ಮೇಲೆ ಹಬ್ಬದಂತೆ ಮಾತ್ರೆ ಕೊಡುವುದು, ಗಾಯದ ಮೇಲೆ ಚರ್ಮ ಮಿತಿಮೀರಿ ಉಬ್ಬುವ ಕೀಲಾಯ್ಡ್ ಪ್ರವೃತ್ತಿ ಇದೆಯೇ ಎಂದು ಎದೆ, ಭುಜ, ಕಿವಿಚುಚ್ಚಿದ ಜಾಗಗಳನ್ನು ನೋಡುವುದು, ಕಿವಿಯ ಹಿಂದೆಯೋ ಕೂದಲಂಚಿನಲ್ಲೋ ಚಿಕ್ಕ ಜಾಗವನ್ನು ಉಜ್ಜಿ ಪರೀಕ್ಷಿಸುವುದು ಇವೆಲ್ಲ ಮುಂಚಿನ ಹಂತಗಳು. ಆ ದಿನ ನರದ ಬುಡಕ್ಕೆ ಚುಚ್ಚುಮದ್ದು ಕೊಟ್ಟು ಮುಖವನ್ನು ಮರಗಟ್ಟಿಸಿ, ಜೆನ್ಷಿಯನ್ ವಯಲೆಟ್ ಎಂಬ ನೇರಳೆ ಬಣ್ಣವನ್ನು ಬಳಿಯುತ್ತಾರೆ. ಅದು ಗುಳಿಗಳೊಳಗೆ ಇಳಿದು ನಿಲ್ಲುವುದರಿಂದ ಎಲ್ಲಿ ಇನ್ನೂ ಉಜ್ಜಬೇಕೆಂಬುದಕ್ಕೆ ಗುರುತಾಗುತ್ತದೆ. ವಜ್ರದ ಹರಳು ಕೂರಿಸಿದ ಚಕ್ರ ಅಥವಾ ತಂತಿಯ ಕುಂಚ ನಿಮಿಷಕ್ಕೆ ಹದಿನೈದು ಸಾವಿರಕ್ಕೂ ಮಿಕ್ಕಿ ಸುತ್ತುತ್ತಾ ಸಾಗುವಾಗ, ವೈದ್ಯರ ಕೈಗೆ ದಾರಿ ತೋರಿಸುವುದು ಯಂತ್ರದ ಮಾಪಕವಲ್ಲ, ಕಣ್ಣು. ಹೊರಪದರ ಹೋಗುವವರೆಗೆ ರಕ್ತವಿಲ್ಲ. ಒಳಚರ್ಮದ ಮೇಲ್ಭಾಗಕ್ಕೆ ತಲುಪಿದಾಗ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕಿಗಳು ಮೂಡುತ್ತವೆ. ಇನ್ನೂ ಇಳಿದರೆ ಚುಕ್ಕಿಗಳು ದಪ್ಪವಾಗಿ, ಕೊಲಾಜನ್ ನಾರು ಬಿಳಿಯ ಎಳೆಗಳಾಗಿ ಸಿಗುರುತ್ತದೆ. ಆ ಎಳೆ ಕಂಡಲ್ಲಿ ಕೈ ನಿಲ್ಲಬೇಕು. ತಿರುಗುವ ಚಕ್ರಕ್ಕೆ ಸಿಕ್ಕಿ ಸುತ್ತಿಕೊಳ್ಳುವ ಅಪಾಯವಿರುವುದರಿಂದ ಹತ್ತಿರದಲ್ಲಿ ಸಡಿಲ ನೂಲಿನ ಗಾಜ್ ಬಟ್ಟೆ ಇಡುವುದಿಲ್ಲ, ಚಿಮ್ಮುವ ರಕ್ತದ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲುವುದರಿಂದ ಕೋಣೆಯಲ್ಲಿರುವವರೆಲ್ಲ ಮುಖಗವಸು, ಕನ್ನಡಕ ಧರಿಸುತ್ತಾರೆ. ಕಲೆಯಿದ್ದಷ್ಟೇ ಜಾಗವನ್ನು ಉಜ್ಜದೆ ಕೆನ್ನೆ, ಹಣೆ, ಗಲ್ಲ ಎಂದು ಇಡೀ ಭಾಗವನ್ನು ಉಜ್ಜಿ, ಅಂಚಿನಲ್ಲಿ ಕ್ರಮೇಣ ಹಗುರಗೊಳಿಸುವುದು ಬಣ್ಣದ ಗಡಿ ಎದ್ದು ಕಾಣದಿರಲಿ ಎಂದು.

ಮೊದಲ ಎರಡು ಮೂರು ದಿನ ನೀರೊಸರಿ ಮುಖ ಊದಿಕೊಳ್ಳುತ್ತದೆ. ಗಾಯ ಒಣಗಲಿ ಎಂದು ಗಾಳಿಗೆ ಬಿಡುವ ಮನೆಯ ರೂಢಿ ಇಲ್ಲಿ ತಪ್ಪು. ಮುಲಾಮು ಇಲ್ಲವೆ ಪಟ್ಟಿಯಿಂದ ತೇವವಾಗಿಟ್ಟ ಗಾಯದ ಮೇಲೆ ಕೋಶಗಳು ಸರಾಗವಾಗಿ ಹರಿಯುತ್ತವೆ, ಗಟ್ಟಿ ಹಕ್ಕಳೆಯಿದ್ದರೆ ಅದರಡಿ ತೂರಿ ಸಾಗಬೇಕಾಗುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಹೊಸ ಹೊರಪದರ ಮುಚ್ಚಿಕೊಳ್ಳುತ್ತದೆ, ಕೆಂಪು ತಗ್ಗಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಒಳಚರ್ಮದಲ್ಲಿ ಕೊಲಾಜನ್ ಮರುಹೆಣಿಗೆ ಮಾತ್ರ ಆರು ತಿಂಗಳಿಗೂ ಮಿಕ್ಕಿ ಕಣ್ಣಿಗೆ ಕಾಣದೆ ನಡೆಯುತ್ತಲೇ ಇರುತ್ತದೆ. ರೋಗಿಗಳು ಕಂಗೆಡುವುದು ಮೊದಲ ವಾರದಲ್ಲಲ್ಲ, ಎಲ್ಲ ಸರಿಯಾಯಿತು ಎನ್ನುವ ನಾಲ್ಕಾರು ವಾರಗಳ ಹೊತ್ತಿನಲ್ಲಿ, ಉಜ್ಜಿದ ಜಾಗ ಇದ್ದಕ್ಕಿದ್ದಂತೆ ಕಪ್ಪಾಗತೊಡಗಿದಾಗ.

ಹೀಗೆ ಕಪ್ಪಾಗುವುದು ಕಂದು ಚರ್ಮದ ಸ್ವಭಾವ. ಬಿಸಿಲಿಗೆ ಚರ್ಮ ಸುಡುವುದೋ ಕಪ್ಪಾಗುವುದೋ ಎಂಬುದನ್ನು ಆಧರಿಸಿ ಅಮೆರಿಕದ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ, ಮುಂದೆ ಆರು ಮೆಟ್ಟಿಲುಗಳಿಗೆ ಬೆಳೆದ ವಿಂಗಡಣೆಯಲ್ಲಿ ಕನ್ನಡಿಗರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ಮೆಟ್ಟಿಲಿನವರು. ಇಂಥ ಚರ್ಮದಲ್ಲಿ ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಹೆಚ್ಚೇನಿಲ್ಲ, ಆದರೆ ಅವು ಬಲು ಚುರುಕು. ಉರಿಯೂತ ಯಾವ ಕಾರಣದಿಂದಾದರೂ, ಸೊಳ್ಳೆ ಕಚ್ಚಿದರೂ ಚಕ್ರ ಉಜ್ಜಿದರೂ, ಅವು ಬಣ್ಣ ಸುರಿಯುತ್ತವೆ. ಇದು ಬಹುಪಾಲು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಆಳ ಮೀರಿ ಉಜ್ಜಿದಾಗ ಆ ಕೋಶಗಳೇ ನಾಶವಾಗಿ ತಡವಾಗಿ ತೋರುವ ಬೆಳ್ಳನೆಯ ಮಚ್ಚೆಯಾದರೋ ಶಾಶ್ವತವಾಗಬಹುದು, ಮತ್ತು ತೊನ್ನೆಂದರೆ ಬೆಚ್ಚುವ ಸಮಾಜದಲ್ಲಿ ಅದು ಮೂಲದ ಗುಳಿಗಿಂತ ದೊಡ್ಡ ಸಂಕಟ. ವಿಪರ್ಯಾಸವೆಂಬಂತೆ, ಸ್ಥಿರವಾಗಿ ನಿಂತ ತೊನ್ನಿನ ಚಿಕಿತ್ಸೆಯಲ್ಲೇ ಡರ್ಮಬ್ರೇಶನ್ನಿಗೆ ಒಳ್ಳೆಯ ಉಪಯೋಗವಿದೆ: ಬಿಳಿಯ ಮಚ್ಚೆಯ ಮೇಲುಪದರವನ್ನು ಹಗುರವಾಗಿ ಉಜ್ಜಿ ಹಸನು ಮಾಡಿ, ರೋಗಿಯ ತೊಡೆಯಿಂದ ತೆಗೆದ ಬಣ್ಣದ ಕೋಶಗಳನ್ನು ಅಲ್ಲಿ ಬಿತ್ತಿದಂತೆ ಹರಡುತ್ತಾರೆ. ಬಣ್ಣ ತಿಳಿಯಿದ್ದವರಿಗೆ ಕಪ್ಪಾಗುವ ಭಯವಿಲ್ಲ ಎಂಬುದೂ ಸರಿಯಲ್ಲ. ಪಿರಿಯಾಪಟ್ಟಣ ತಾಲೂಕಿನ ಕೊಪ್ಪದ ಬೀದಿಯಲ್ಲಿ ಸ್ಥಳೀಯ ಒಕ್ಕಲಿಗರ ಜೊತೆಗೆ, 1960ರ ದಶಕದಿಂದ ಪಕ್ಕದ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರೂ ಓಡಾಡುತ್ತಾರೆ. ನೋಡಲು ತಿಳಿಯಾದ ಏಷ್ಯಾದ ಚರ್ಮವೂ ಗಾಯದ ನಂತರ ಕಪ್ಪಾಗುವುದರಲ್ಲಿ ಹಿಂದೆ ಬೀಳುವುದಿಲ್ಲ.

ಸುಕ್ಕಿನ ವಿಚಾರದಲ್ಲಿ ಇದೇ ಮೆಲನಿನ್ ರಕ್ಷಕ. ಬಿಸಿಲಿನ ನೇರಳಾತೀತ ಕಿರಣಗಳು ಒಳಚರ್ಮದ ಕೊಲಾಜನ್ನನ್ನೂ ಚರ್ಮಕ್ಕೆ ಬಿಗಿ ಕೊಡುವ ಎಳೆಗಳನ್ನೂ ಕೆಡಿಸುವುದರಿಂದ ಬರುವ ಸೂಕ್ಷ್ಮ ಸುಕ್ಕುಗಳು ಬಿಳಿಯ ಚರ್ಮದವರಲ್ಲಿ ಬೇಗ, ಕಂದು ಚರ್ಮದವರಲ್ಲಿ ತಡವಾಗಿ ಕಾಣಿಸುತ್ತವೆ. ನಮ್ಮವರಲ್ಲಿ ಸುಕ್ಕಿಗಿಂತ ಮೊದಲು ಬರುವುದು ಬಂಗು. ಡರ್ಮಬ್ರೇಶನ್ ಒದಗುವುದು ಮೇಲ್ದುಟಿಯ ಸುತ್ತಲಿನಂಥ, ಮುಖ ಸುಮ್ಮನಿದ್ದಾಗಲೂ ಕಾಣುವ ಗೆರೆಗಳಿಗೆ. ನಗುವಾಗ, ಹುಬ್ಬು ಗಂಟಿಕ್ಕಿದಾಗ ಮೂಡುವ ಗೆರೆ ಸ್ನಾಯುವಿನದು, ಜೋತುಬಿದ್ದ ಕೆನ್ನೆ ಬುಡದ ಸಡಿಲಿಕೆಯದು. ಎರಡಕ್ಕೂ ಮೇಲ್ಮೈಯ ಉಜ್ಜುವಿಕೆಯಿಂದ ಪ್ರಯೋಜನವಿಲ್ಲ.

ಕಂದು ಚರ್ಮದ ಈ ಕಪ್ಪಾಗುವ ಸ್ವಭಾವದಿಂದಾಗಿಯೇ ಇಡೀ ಮುಖವನ್ನು ಚಕ್ರದಿಂದ ಉಜ್ಜುವುದು ಭಾರತದಲ್ಲಿ ಈಗ ಕಡಿಮೆಯಾಗಿ, ಮಿತವಾಗಿ ಗಾಯಗೊಳಿಸುವ ದಾರಿಗಳು ಮುಂದೆ ಬಂದಿವೆ. ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣವನ್ನು ಚರ್ಮದ ನೀರು ಹೀರಿ ಆವಿಯಾಗುವುದರಿಂದ ಪದರ ಪದರವಾಗಿ ಚರ್ಮ ತೆಗೆಯಬಹುದು. 2004ರಲ್ಲಿ ಪ್ರಕಟವಾದ ‘ಫ್ರ್ಯಾಕ್ಷನಲ್’ ಕ್ರಮದಲ್ಲಿ ಕಿರಣವನ್ನು ಜರಡಿಯ ಕಣ್ಣುಗಳಂತೆ ಬಿಡಿಬಿಡಿ ಚುಕ್ಕಿಗಳಾಗಿ ಹಾಯಿಸಿ, ನಡುವೆ ಉಳಿದ ಒಳ್ಳೆಯ ಚರ್ಮದಿಂದ ಮಾಗುವಿಕೆ ಬೇಗನಾಗುವಂತೆ ನೋಡಿಕೊಳ್ಳುತ್ತಾರೆ. ಇನ್ನೂ ಸರಳವಾದದ್ದು ಡರ್ಮರೋಲರ್, ಅಂದರೆ ಸಣ್ಣ ಸೂಜಿಗಳನ್ನು ಕೂರಿಸಿದ ಉರುಳೆ. ಹೊರಪದರವನ್ನು ಕಿತ್ತುಹಾಕದೆ ಒಳಚರ್ಮವನ್ನು ಚುಚ್ಚಿ ಕೊಲಾಜನ್ ಬೆಳೆಯಲು ಪ್ರಚೋದಿಸುವ ಈ ವಿಧಾನದ ಬಗ್ಗೆ ಬೆಂಗಳೂರಿನ ಚರ್ಮವೈದ್ಯ ಸತೀಶ್ ದೊಡ್ಡಬಳ್ಳಾಪುರ 2009ರಲ್ಲಿ ಬರೆದ ಪ್ರಬಂಧ ದೇಶದ ಹೊರಗೂ ಓದಲ್ಪಟ್ಟಿತು. ಇವುಗಳಿಗೆ ಹಲವು ಸಲ ಹೋಗಬೇಕು, ಒಂದೊಂದು ಸಲದ ಫಲ ಕಡಿಮೆ. ಆದರೆ ಕಪ್ಪಾಗುವ ಅಪಾಯವೂ ಕಡಿಮೆ. ಬ್ಯೂಟಿ ಪಾರ್ಲರುಗಳಲ್ಲಿ ಹರಳಿನ ಪುಡಿ ಊದಿ ಮಾಡುವ ‘ಮೈಕ್ರೋಡರ್ಮಬ್ರೇಶನ್’ ಹೆಸರಿನಲ್ಲಷ್ಟೇ ಡರ್ಮಬ್ರೇಶನ್ನಿನ ನೆಂಟ. ಅದು ಸತ್ತ ಕೋಶಗಳ ಮೇಲುಪೊರೆಯನ್ನು ಮಾತ್ರ ತೆಗೆಯುವುದರಿಂದ ಗುಳಿಯ ಮಟ್ಟವನ್ನು ಬದಲಿಸಲಾರದು.

ಇವೆಲ್ಲಕ್ಕಿಂತ ಹೆಚ್ಚು ಮುಖಗಳನ್ನು ಹಳ್ಳಿಗಾಡಿನಲ್ಲಿ ಕೆಡಿಸುತ್ತಿರುವುದು ಯಾವ ಶಸ್ತ್ರವೂ ಅಲ್ಲ, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮು. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ತೋರಿಸಿ, ಮುಂದೆ ಚರ್ಮವನ್ನು ತೆಳುವಾಗಿಸಿ, ಕೆಂಪು ರಕ್ತನಾಳಗಳನ್ನು ಎಬ್ಬಿಸಿ, ಬಿಟ್ಟ ಕೂಡಲೇ ಉರಿಯುವ ಈ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದರೂ ಬಳಕೆ ನಿಂತಿಲ್ಲ. ಹೀಗೆ ತೆಳುವಾದ ಚರ್ಮದ ಮೇಲೆ ಯಾವ ಉಜ್ಜುವಿಕೆಗೂ ಕೈ ಹಾಕಲಾಗದು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಸೇವಿಸುತ್ತಿರುವವರಿಗೆ ಹಗುರ ವಿಧಾನಗಳು ಸಲ್ಲಬಹುದೆಂದು ಈಗಿನ ಅಭಿಪ್ರಾಯವಿದ್ದರೂ, ಯಂತ್ರದಿಂದ ಮಾಡುವ ಡರ್ಮಬ್ರೇಶನ್ ಮಾತ್ರ ಆ ಅವಧಿಯಲ್ಲಿ ಸಲ್ಲದೆಂಬುದರಲ್ಲಿ ಬದಲಾವಣೆಯಿಲ್ಲ. ಚಿಕಿತ್ಸೆ ನಡೆಯುವ ಸ್ಥಳ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡಿದೆಯೇ, ಚಕ್ರ ಹಿಡಿಯುವವರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ತರಬೇತಾದವರೇ ಎಂದು ಕೇಳುವುದು ಅವಿನಯವೆನಿಸದು. ಕೊಪ್ಪದವರಿಗೆ ಚರ್ಮ ವಿಭಾಗವಿರುವ ದೊಡ್ಡ ಆಸ್ಪತ್ರೆಗಳೆಂದರೆ ಸುಮಾರು 80 ಕಿ.ಮೀ. ದೂರದ ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್ಎಸ್ ಆಸ್ಪತ್ರೆ; ಒಂದು ಸಲದ ಪ್ರಯಾಣವಲ್ಲ, ಪಟ್ಟಿ ಬದಲಿಸುವುದಕ್ಕೂ ಬಣ್ಣ ಪರೀಕ್ಷಿಸುವುದಕ್ಕೂ ಸೇರಿ ಹಲವು ಸಲದ ಪ್ರಯಾಣ.

ಈ ಸೀಮೆಗೆ ವಿಶಿಷ್ಟವಾದ ಇನ್ನೆರಡು ತೊಡಕುಗಳಿವೆ, ಎರಡೂ ಹೊಗೆಸೊಪ್ಪಿಗೆ ಸಂಬಂಧಿಸಿದವು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಕೆಂಪು ಹಗುರ ಮಣ್ಣು ಸಿಗರೇಟಿನ ತಂಬಾಕಿಗೆ ಹೆಸರಾದದ್ದು. ಆ ಎಲೆಯ ನಿಕೋಟಿನ್, ಸೇದುವವನ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಹರಿಯುವ ರಕ್ತವನ್ನು ತಗ್ಗಿಸುವುದರಿಂದ, ಶಸ್ತ್ರಕ್ರಿಯೆಗೆ ಕೆಲವು ವಾರಗಳ ಮೊದಲೇ ಬೀಡಿ ಸಿಗರೇಟು ಬಿಡದವರ ಗಾಯ ನಿಧಾನವಾಗಿ ಮಾಗುತ್ತದೆ. ಎರಡನೆಯದು ಬೆಳೆಯ ಪಂಚಾಂಗ. ಉಜ್ಜಿದ ಮುಖವನ್ನು ಕನಿಷ್ಠ ಮೂರು ತಿಂಗಳು, ಸಾಧ್ಯವಾದರೆ ಆರು ತಿಂಗಳು, ಬಿಸಿಲಿನಿಂದ ಕಾಯಬೇಕು. ಸನ್‌ಸ್ಕ್ರೀನ್ ಹಚ್ಚಿದರೂ ಬೆವರಿನಲ್ಲಿ ಅದು ಹೆಚ್ಚು ಹೊತ್ತು ನಿಲ್ಲದು, ತಲೆಗೆ ಸುತ್ತಿದ ಟವೆಲ್ಲು ಕೆನ್ನೆಗೆ ನೆರಳಾಗದು. ಹೊಗೆಸೊಪ್ಪಿನ ಮನೆಯಲ್ಲಿ ಫೆಬ್ರುವರಿ–ಮಾರ್ಚಿನಲ್ಲಿ ಸಸಿಮಡಿಯ ಕೆಲಸ, ಏಪ್ರಿಲ್ ಕೊನೆಯಿಂದ ಮಳೆ ನೋಡಿಕೊಂಡು ನಾಟಿ, ಜುಲೈಯಿಂದ ಸೊಪ್ಪು ಮುರಿಯುವುದು, ಅದರ ಬೆನ್ನಿಗೇ ಬ್ಯಾರನ್ ಎಂಬ ಒಣಗಿಸುವ ಮನೆಯ ಬೆಂಕಿಯ ಮುಂದೆ ರಾತ್ರಿಯಿಡೀ ಕಾದು ಸೊಪ್ಪು ಹದ ಮಾಡುವುದು, ಮತ್ತೆ ಹರಾಜು ಮಾರುಕಟ್ಟೆಗೆ ಬೇಲು ಸಾಗಿಸುವುದು. ಬಿಸಿಲು ಎಳೆಯದಾಗಿರುವ ನವೆಂಬರ್–ಡಿಸೆಂಬರಿನಲ್ಲಿ ಚಿಕಿತ್ಸೆ ಮಾಡುವುದನ್ನು ವೈದ್ಯರು ಮೆಚ್ಚುತ್ತಾರೆ, ಹರಾಜಿನ ಹಣ ಕೈಗೆ ಬರುವುದೂ ಆಗಲೇ. ಆದರೆ ಆಗ ಮಾಡಿಸಿಕೊಂಡವರ ಮೂರನೆಯ, ನಾಲ್ಕನೆಯ ತಿಂಗಳು ಸಸಿಮಡಿಗೆ ನೀರು ಹಾಕುವ ಮಾರ್ಚಿನ ಬಿಸಿಲಿಗೆ ಬೀಳುತ್ತದೆ, ಆರನೆಯದು ನಾಟಿಗೆ. ಹಾಗಾಗಿ ಚಕ್ರದ ಆಳ, ಕಲೆಯ ಬಗೆಗಳ ಮಾತು ಮುಗಿದ ಮೇಲೆ, ಆ ವರ್ಷ ಮಡಿಯ ಕೆಲಸಕ್ಕೂ ನಾಟಿಗೂ ಮನೆಯಲ್ಲಿ ಬೇರೆ ಆಳು ಇದ್ದಾರೆಯೇ ಎಂದು ವೈದ್ಯರು ಕೇಳಬೇಕಾಗುತ್ತದೆ. ಇಲ್ಲವೆಂದಾದರೆ ಚಕ್ರವನ್ನು ಬದಿಗಿಟ್ಟು, ನಾಲ್ಕಾರು ಸಲ ಬಂದುಹೋಗುವ ಸೂಜಿಯ ಉರುಳೆಯನ್ನೇ ಸೂಚಿಸುವುದು ಹೆಚ್ಚು ಸುರಕ್ಷಿತ.